ಮೂರನೇ ಬೆಂಚಿನ ಅತ್ತರು

ಚರ್ಚಿನ ಗೇಟಿನ ಹತ್ತಿರ ನಾನು ಆಟೋ ಇಳಿಯುತ್ತಿದ್ದಂತೆಯೇ ಒಳಗೆ ಕೂತವರಿಗೆ ಗೊತ್ತಾಗುತ್ತಿತ್ತು. "ಸಿಸ್ಟರ್ ಬಂದ್ರು ನೋಡ್ರಿ" ಎಂದು ಯಾರೋ ಒಬ್ಬರು ಹೇಳುವುದು, ಇನ್ನಿಬ್ಬರು ಸೆರಗಿನೊಳಗೆ ನಗುವುದು. ಎರಡು ವರ್ಷ ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. ಇಂಥ ದಡ್ಡ ಹೆಂಗಸು ಇಡೀ ರಾಯಚೂರಿನಲ್ಲಿ ಇನ್ನೊಬ್ಬಳಿದ್ದರೆ ಕರೆದುಕೊಂಡು ಬನ್ನಿ, ನೋಡೋಣ.

ಸಿಸ್ಟರ್ ಅಂದರೆ ಮಠದ ಸಿಸ್ಟರ್ ಅಲ್ಲ, ದವಾಖಾನೆಯ ಸಿಸ್ಟರ್. ಮಾನ್ವಿಯಲ್ಲಿ ಮೂವತ್ತು ವರ್ಷ ನರ್ಸಾಗಿ ದುಡಿದು, ನಿವೃತ್ತಳಾಗಿ, ರಾಯಚೂರಿನಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡು ಒಬ್ಬಳೇ ಇದ್ದೇನೆ. ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ಬಂದ ದಾರಿಯಲ್ಲೇ ಹೋಯಿತು. ಅದರ ಬಗ್ಗೆ ಹೆಚ್ಚಿಗೆ ಕೇಳಬೇಡಿ. ಸೋಮವಾರದಿಂದ ಶನಿವಾರದವರೆಗೆ ನಾನು ಮಾತಾಡುವುದು ಹಾಲಿನವನ ಜೊತೆ, ಕಾಯಿಪಲ್ಲೆಯವಳ ಜೊತೆ, ಯಾರೂ ಸಿಗದಿದ್ದರೆ ಗೋಡೆಯ ಮೇಲಿನ ಹಲ್ಲಿಯ ಜೊತೆ. ಭಾನುವಾರ ಒಂದು ದಿನ ಮಾತ್ರ ನನ್ನ ಪಕ್ಕದಲ್ಲಿ ಮನುಷ್ಯರು ಕೂರುತ್ತಿದ್ದರು. ಹೆಂಗಸರ ಸಾಲಿನ ಮೂರನೇ ಬೆಂಚು, ಸರಿಯಾಗಿ ಫ್ಯಾನಿನ ಕೆಳಗೆ, ನನ್ನ ಜಾಗ.

ಅತ್ತರು ಹಚ್ಚಿಕೊಳ್ಳದೆ ನಾನು ಯಾವತ್ತೂ ನಾಲ್ಕು ಜನರ ನಡುವೆ ಹೋಗುತ್ತಿರಲಿಲ್ಲ. ಅದು ಶೋಕಿ ಅಲ್ಲ. ನಾನು ಹುಟ್ಟಿದ್ದು ದೇವದುರ್ಗದ ಕಡೆಯ ಅರಕೇರಾದಲ್ಲಿ, ಊರ ಹೊರಗಿನ ಕೇರಿಯಲ್ಲಿ. ಅಪ್ಪ ತೊಗಲು ಹದ ಮಾಡುತ್ತಿದ್ದ. ಮನೆಯ ಹಿಂದೆ ಸುಣ್ಣದ ಹೊಂಡ, ಅದರ ಪಕ್ಕ ತೊಗಲು ಹದಕ್ಕೆ ತಂಗಡಿ ಗಿಡದ ಚಕ್ಕೆ ನೆನೆಹಾಕಿದ ಬಾನಿ. ಆ ವಾಸನೆ ನಮಗೆ ವಾಸನೆ ಎಂದೇ ಅನ್ನಿಸುತ್ತಿರಲಿಲ್ಲ. ಶಾಲೆಗೆ ಸೇರಿದ ಮೇಲೆ ಗೊತ್ತಾಯಿತು. ಮೊದಲ ದಿನವೇ ಮಾಸ್ತರು ಧೋತರದ ಚುಂಗು ಮೂಗಿಗೆ ಹಿಡಿದುಕೊಂಡು, "ಏ, ನೀವು ಬಾಗಿಲ ಕಡಿ ಕೂಡ್ರಿ, ಗಾಳಿ ಆಡ್ಲಿ" ಎಂದರು. ನಾವು ಮೂರು ಮಂದಿ ಎದ್ದು ಬಾಗಿಲ ಹತ್ತಿರ ಹೋಗಿ ಕೂತೆವು. ಉಳಿದವರು ಹೊರಳಿ ನೋಡಿದ್ದು ನನಗೆ ಇವತ್ತಿಗೂ ನೆನಪಿದೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ.  ಮುಂದಿನ ಶನಿವಾರ ದೇವದುರ್ಗದ ಸಂತೆಗೆ ಹೋದ ಅವ್ವ, ಹೆಗಲಿಗೆ ಪೆಟ್ಟಿಗೆ ಹಾಕಿಕೊಂಡು ಅತ್ತರು ಮಾರುವ ಸಾಬರ ಹತ್ತಿರ ಒಂದು ಚೂರು ಹತ್ತಿ ನೆನೆಯುವಷ್ಟು ಅತ್ತರು ತಂದಳು. ಅದನ್ನು ನನ್ನ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿ, ಕೆನ್ನೆ ಹಿಡಿದು ಹೇಳಿದಳು: "ಇನ್ನ ಯಾರಿಗೂ ಮೂಗು ಮುಚ್ಕೊಳ್ಳಾಕ ಬಿಡಬ್ಯಾಡ ಯವ್ವಾ." ಅವ್ವನ ಕೈಗಳಿಗೂ ಆ ಬಾನಿಯ ನಾತವೇ ಇತ್ತು. ಅವಳು ತನಗೆ ಅತ್ತರು ತಂದುಕೊಂಡಿರಲಿಲ್ಲ.

ಅಂದಿನಿಂದ ಆ ಹತ್ತಿ ನನ್ನ ಕಿವಿಯಿಂದ ಇಳಿದಿರಲಿಲ್ಲ. ನರ್ಸಿಂಗ್ ಕಲಿಯುವಾಗ, ಮಾನ್ವಿಯಲ್ಲಿ ಫಿನಾಯಿಲು ಹಾಕಿ ತೊಳೆದ ವಾರ್ಡುಗಳಲ್ಲಿ ಓಡಾಡುವಾಗ, ಎಲ್ಲ ಕಡೆ ಇತ್ತು. ಮೂರು ತಿಂಗಳಿಗೊಮ್ಮೆ ಬಸ್ಸು ಹತ್ತಿ ರಾಯಚೂರಿಗೆ ಬಂದು, ಬಜಾರದ ಒಂದು ಸಣ್ಣ ಅಂಗಡಿಯಲ್ಲಿ ಖಸ್ ಅತ್ತರು ಒಯ್ಯುತ್ತಿದ್ದೆ. ಖಸ್ ಅಂದರೆ ನಮ್ಮ ಲಾವಂಚ. ಬಿಸಿಲಿನ ಊರಿಗೆ ಅದೇ ತಂಪು. ಅಂಗಡಿಯ ಮುದುಕರನ್ನು ನಾನು ಚಾಚಾ ಎನ್ನುತ್ತಿದ್ದೆ. ಒಳಗೆ ಮನೆಯವರ ಜೊತೆ ದಖನಿಯಲ್ಲಿ ಜಗಳಾಡುತ್ತಲೇ ನನ್ನ ಕಡೆ ತಿರುಗಿ, "ಕೈ ಕೊಡ್ರಿ ಸಿಸ್ಟರಮ್ಮಾ, ಇದು ಅಸಲಿ ಮಾಲ್ ಅದ" ಎಂದು ಅಂಗೈ ಹಿಂಭಾಗಕ್ಕೆ ಗಾಜಿನ ಕಡ್ಡಿ ಸವರುತ್ತಿದ್ದರು. ನನ್ನ ಕೈಯನ್ನು ಹಾಗೆ ಆರಾಮವಾಗಿ ಹಿಡಿದುಕೊಳ್ಳುತ್ತಿದ್ದವರು ಲೋಕದಲ್ಲಿ ಅವರೊಬ್ಬರೇ ಇದ್ದರು.

ನಿವೃತ್ತಿಗೆ ಒಂದೆರಡು ವರ್ಷ ಇರುವಾಗ ಕೊರೋನಾ ಬಂತು. ಡ್ಯೂಟಿಯಲ್ಲಿದ್ದ ನನಗೂ ಹತ್ತಿತು. ಹದಿನೈದು ದಿನ ಮಲಗಿ ಎದ್ದೆ. ಮನೆಗೆ ಬಂದ ಮೇಲೆ ಒಂದು ದಿನ ಹಾಲು ಒಲೆಯ ಮೇಲಿಟ್ಟು ಮುಂದಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಾ ಕೂತಿದ್ದೆ. ಪಕ್ಕದ ಮನೆಯವರು ಬಾಗಿಲು ಬಡಿದು, "ಏನ್ ಸುಡಾಕತ್ತೈತ್ರೀ, ಓಣಿ ತುಂಬ ಕಮಟ್ ನಾತ!" ಎಂದಾಗ ಓಡಿ ಹೋಗಿ ನೋಡಿದರೆ ಪಾತ್ರೆ ಕರ್ರಗಾಗಿತ್ತು. ನನ್ನ ಮೂಗು ಸತ್ತುಹೋಗಿತ್ತು. ಎಷ್ಟೋ ಮಂದಿಗೆ ಹೋಗಿದ್ದು ಮರಳಿ ಬಂತು. ನನಗೆ ಬರಲಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳಲು ಯಾರಿದ್ದರು? ಹೇಳಿದರೆ ತಾನೇ ಏನು, "ಪಾಪ" ಅನ್ನುತ್ತಾರೆ. ಆ ಪಾಪ ನನಗೆ ಬೇಡ. ಆದರೆ ಒಳಗೊಳಗೆ ಭಯ ಹತ್ತಿತು. ಮೊದಲು ನನ್ನ ಮೈಯ ವಾಸನೆ ನನಗೆ ಗೊತ್ತಾಗುತ್ತಿತ್ತು, ಈಗ ಅದೂ ಇಲ್ಲ. ಬೆವರು ನಾರುತ್ತಿದೆಯೋ, ಸೀರೆ ಮುಗ್ಗಲು ಹಿಡಿದಿದೆಯೋ, ಆ ಹಳೆಯ ಬಾನಿಯ ನಾತವೇ ಎಲ್ಲಿಂದಲೋ ತಿರುಗಿ ಬಂದಿದೆಯೋ, ಯಾರಿಗೆ ಗೊತ್ತು? ಅದಕ್ಕೇ ಕಿವಿಯ ಹತ್ತಿ ದಪ್ಪವಾಯಿತು. ಕುತ್ತಿಗೆಗೆ, ಮಣಿಕಟ್ಟಿಗೆ, ಸೆರಗಿನ ಅಂಚಿಗೆ, ಟ್ರಂಕಿನಲ್ಲಿ ಮಡಚಿಟ್ಟ ಸೀರೆಗಳ ನಡುವೆ, ದಿಂಬಿನ ಕೆಳಗೆ, ಬಾಗಿಲ ಪರದೆಗೆ. ಒಂದು ಬಾಟಲಿ ಮೂರು ತಿಂಗಳು ಬರುತ್ತಿದ್ದದ್ದು ಹದಿನೈದು ದಿನಕ್ಕೆ ಮುಗಿಯತೊಡಗಿತು.

ರಾಯಚೂರಿಗೆ ಬಂದು ನೆಲೆಸಿದ ಮೇಲೆ ಚಾಚಾನ ಜೊತೆ ಜಗಳವನ್ನೂ ಮಾಡಿದೆ. "ನಿಮ್ಮ ಮಾಲ್ ಈಗ ಬರೇ ನೀರು, ಒಂದ್ ಚೂರೂ ವಾಸನಿ ಇಲ್ಲ. ಇಷ್ಟ್ ವರ್ಷದ ಗಿರಾಕಿಗೇ ಮೋಸ ಮಾಡ್ತೀರೇನು?" ಎಂದು ಅಂಗಡಿಯ ಮುಂದೆ ನಿಂತು ಕೂಗಾಡಿದೆ. ಅವರು ಬಾಟಲಿಯ ಬೂಚು ತೆಗೆದು ಮೂಸಿದರು. ಆಮೇಲೆ ನನ್ನನ್ನು ನೋಡಿದರು. ನಾನು ಅಷ್ಟು ದೂರ ನಿಂತಿದ್ದರೂ ಅವರಿಗೆ ಎಲ್ಲ ತಿಳಿದಿರಬೇಕು. "ಮಾಲ್ ಚೊಲೋ ಅದ ಸಿಸ್ಟರಮ್ಮಾ. ಒಮ್ಮಿ ಮೂಗಿನ ಡಾಕ್ಟರಿಗೆ ತೋರಿಸ್ರಿ" ಎಂದು ಮೆಲ್ಲಗೆ ಹೇಳಿದರು. "ನನಗ ಡಾಕ್ಟರ್ ಹೇಳಾಕ ಬರ್ತೀರೇನು? ನಾನ ನರ್ಸ್!" ಎಂದು ಬೈದು ಬಂದೆ. ಆವತ್ತಿನಿಂದ ಬೇರೆ ಅಂಗಡಿಯಲ್ಲಿ ಗಟ್ಟಿ ಸೆಂಟು ಕೊಂಡೆ, ಅದರ ಜೊತೆಗೆ ಒತ್ತಿದರೆ ಬುಸ್ಸೆನ್ನುವ ಒಂದು ಡಬ್ಬಿಯನ್ನೂ.

ಚರ್ಚಿನಲ್ಲಿ ನನ್ನ ಬೆಂಚು ಖಾಲಿಯಾಗತೊಡಗಿತು. ಮೊದಲು ಬಲಗಡೆಯ ಇಬ್ಬರು ಹಿಂದಕ್ಕೆ ಹೋದರು. ಆಮೇಲೆ ಎಡಗಡೆಯವರು ಕಿಟಕಿ ಬೇಕೆಂದು ಎದ್ದರು. ಕೊನೆಗೆ ಆರು ಮಂದಿ ಕೂರುವ ಬೆಂಚಿನಲ್ಲಿ ನಾನೊಬ್ಬಳೇ. ಮುಂದಿನ ಸಾಲಿನಲ್ಲಿ ಹಾರ್ಮೋನಿಯಂ ಬಾರಿಸುವ ಟೀಚರಮ್ಮ ಇದ್ದರು. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಗಂಡ ತೀರಿಕೊಂಡಿದ್ದರು, ಮಗಳ ಮನೆಯಲ್ಲಿ ಇದ್ದರು. ಅವರಿಗೆ ದಮ್ಮು, ಉಬ್ಬಸದ ಕಾಯಿಲೆ. ನಾನು ಕೂತ ಸ್ವಲ್ಪ ಹೊತ್ತಿಗೆ ಅವರ ಕೆಮ್ಮು ಶುರುವಾಗುತ್ತಿತ್ತು. ಹಾಡಿನ ನಡುವೆ ಕೈ ನಿಲ್ಲಿಸಿ, ಸೆರಗು ಮೂಗಿಗೆ ಹಿಡಿದು, ಒಮ್ಮೆ ಹೊರಳಿ ನನ್ನನ್ನು ನೋಡುತ್ತಿದ್ದರು.

ಆ ಸೆರಗನ್ನು ನೋಡಿದಾಗ ನನಗೆ ಕಂಡದ್ದು ಮಾಸ್ತರ ಧೋತರದ ಚುಂಗು. ಅಲ್ಲಿ ಕೂತ ಅರ್ಧ ಜನ ನಮ್ಮಂಥ ಕೇರಿಗಳಿಂದಲೇ ಬಂದವರು, ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ಇನ್ನೂ ಹೆಚ್ಚು ಉರಿಯಿತು. ನೌಕರಿ ಬಂತು, ಮನೆ ಕಟ್ಟಿದರು, ಈಗ ಇವರೂ ಮೂಗು ಮುಚ್ಚುತ್ತಾರೆ ಎಂದುಕೊಂಡೆ. ಮುಂದಿನ ವಾರ ಇನ್ನೂ ಎರಡು ಸಲ ಹೆಚ್ಚಿಗೆ ಹಚ್ಚಿಕೊಂಡು ಹೋದೆ.

ಒಂದು ಭಾನುವಾರ ಪಾಸ್ಟರು ಪ್ರಕಟಣೆಗಳ ಕೊನೆಗೆ, "ನಮ್ಮಲ್ಲಿ ಕೆಲವರಿಗೆ ಉಸಿರಿನ ತ್ರಾಸ ಅದ, ದಯವಿಟ್ಟು ಸೆಂಟು, ಸ್ಪ್ರೇ ಹಚ್ಕೊಂಡು ಬರಬ್ಯಾಡ್ರಿ" ಎಂದರು. ಎಲ್ಲರ ಕಣ್ಣು ನನ್ನ ಮೇಲೆ. ನಾನು ಮಾತ್ರ ಹಿಂದೆ ಹೊರಳಿ ಕಾಲೇಜಿನ ಹುಡುಗಿಯರನ್ನು ಗುರಾಯಿಸಿದೆ. ಪ್ರಾರ್ಥನೆ ಮುಗಿದ ಮೇಲೆ ಅವರಲ್ಲಿ ಒಬ್ಬಳನ್ನು ನಿಲ್ಲಿಸಿ, "ಪಾಪ ಟೀಚರಮ್ಮಗ ತ್ರಾಸ ಆಗ್ತದ, ತಿಳಿಯಂಗಿಲ್ಲೇನವ್ವಾ ನಿನಗ?" ಎಂದು ಬುದ್ಧಿ ಹೇಳಿದೆ. ಆ ಹುಡುಗಿ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆ ಬರುತ್ತದೆ.

ಅದಾದ ಎರಡನೇ ವಾರ ಟೀಚರಮ್ಮನಿಗೆ ಜೋರಾಗಿ ದಮ್ಮು ಬಂತು. ಹಾಡು ನಡುವೆಯೇ ನಿಂತಿತು. ನಾಲ್ಕು ಜನ ಅವರನ್ನು ಹಿಡಿದು ಹೊರಗಿನ ಕಟ್ಟೆಗೆ ಕರೆದೊಯ್ದರು. ಮೂವತ್ತು ವರ್ಷದ ನರ್ಸು ಸುಮ್ಮನೆ ಕೂರುತ್ತಾಳೆಯೇ? ಎಲ್ಲರನ್ನೂ ತಳ್ಳಿಕೊಂಡು ಓಡಿದೆ. "ಸರೀರಿ, ಸರೀರಿ, ಗಾಳಿ ಬಿಡ್ರಿ ಅವರಿಗೆ!" ಎಂದು ಅಬ್ಬರಿಸಿ, ಅವರ ಬೆನ್ನಿಗೆ ಕೈ ಹಾಕಿ ಎದೆಗೆ ಒರಗಿಸಿಕೊಂಡೆ. ಅವರ ಕಣ್ಣುಗಳು ಮೇಲಕ್ಕೆ ಹೋದವು. ಉಸಿರು ಸಿಳ್ಳೆ ಹೊಡೆಯಿತು. ಎರಡೂ ಕೈಯಿಂದ ನನ್ನ ಎದೆಗೆ ಗುದ್ದಿದಂತೆ ತಳ್ಳಿ, "ದೂರ... ದೂರ ಹೋಗ್ರಿ..." ಎಂದರು.

ಅಷ್ಟೂ ಜನ ನೋಡುತ್ತಿದ್ದರು. ನಾನು ಎದ್ದು ನಿಂತೆ. "ಅರವತ್ತು ವರ್ಷ ಆದ್ರೂ ನಮ್ಮ ವಾಸನಿ ಹೋಗ್ಲಿಲ್ಲೇನ್ರೀ ನಿಮಗ?" ಎಂದೆ.  ಯಾರೋ ಟೀಚರಮ್ಮನ ಬಾಯಿಗೆ ದಮ್ಮಿನ ಪಂಪು ಹಿಡಿಯುತ್ತಿದ್ದರು. ನಾನು ಬೈಬಲ್ಲನ್ನು ಬೆಂಚಿನ ಮೇಲೇ ಬಿಟ್ಟು ಮನೆಗೆ ಬಂದೆ.

ನಾಲ್ಕು ಭಾನುವಾರ ಹೋಗಲಿಲ್ಲ. ಪಾಸ್ಟರು ಒಮ್ಮೆ ಫೋನು ಮಾಡಿದರು. ಬೇಕೆಂದೇ ಎತ್ತಲಿಲ್ಲ, ಇನ್ನೊಮ್ಮೆ ಮಾಡಲಿ ಎಂದು ಕಾದೆ. ಅವರು ಮಾಡಲಿಲ್ಲ. ಭಾನುವಾರ ಮುಂಜಾನೆ ಎದ್ದು, ಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು, ಕಿವಿಗೆ ಹತ್ತಿ ಇಟ್ಟುಕೊಂಡು, ಮನೆಯ ಕುರ್ಚಿಯಲ್ಲೇ ಕೂರುತ್ತಿದ್ದೆ. ಹಾಡಿನ ಹೊತ್ತಿಗೆ ಒಬ್ಬಳೇ ಹಾಡಲು ನೋಡಿದರೆ ದನಿ ಏಳುತ್ತಿರಲಿಲ್ಲ. ಈ ಮನೆಯಲ್ಲಿ ನಾನು ಸತ್ತರೆ ಜನಕ್ಕೆ ಗೊತ್ತಾಗುವುದು ಎಷ್ಟನೇ ದಿನ, ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆ ಯೋಚಿಸಿದೆ. ದವಾಖಾನೆಯಲ್ಲಿ ಕೆಲಸ ಮಾಡಿದವಳಿಗೆ ಅದರ ಉತ್ತರ ಗೊತ್ತಿರುತ್ತದೆ. ಆವತ್ತು ಬಹಳ ಅತ್ತೆ.

ಐದನೇ ವಾರದ ಒಂದು ಮಧ್ಯಾಹ್ನ ಮನೆಯ ಮುಂದೆ ಆಟೋ ನಿಂತಿತು. ಇಳಿದವರು ಟೀಚರಮ್ಮ. ಕೈಯಲ್ಲಿ ನನ್ನ ಬೈಬಲ್ಲು. ಮೆಟ್ಟಿಲ ಕೆಳಗೇ ನಿಂತರು, ಸೆರಗು ಮೂಗಿನ ಮೇಲೆ. ಈ ಮನೆಗೆ ನನ್ನನ್ನು ನೋಡಲೆಂದೇ ಬಂದ ಮೊದಲ ಮನುಷ್ಯರು ಅವರು.

"ಒಳಗ ಬರ್ರಿ" ಎಂದೆ, ಬಿಗುಮಾನದಿಂದಲೇ.

"ಬರಾಕ ಆಗಂಗಿಲ್ರೀ ಸಿಸ್ಟರ್."

"ಯಾಕ? ನಮ್ಮನಿ ಹೊಸ್ತಿಲ ದಾಟಿದ್ರ ಮೈಲಿಗಿ ಆಗ್ತದೇನು?"

"ಅಯ್ಯ, ಏನ್ ಮಾತಾಡ್ತೀರಿ! ನಿಮ್ಮ ಸೆಂಟು ಇಲ್ಲಿಗೇ ಎದಿ ಹಿಡ್ಯಾಕತ್ತದ. ಎಷ್ಟ್ ಹಚ್ಕೊಂತೀರಿ ಮಾರಾಯ್ತಿ? ಡಬ್ಬಿಗಟ್ಲೆ ಸುರಕೊಂತೀರೇನು?"

"ಒಂದ್ ಹನಿ ಹಚ್ಚೀನಿ" ಎಂದು ಸುಳ್ಳು ಹೇಳಿದೆ.

ಅವರು ಸೆರಗನ್ನು ಸ್ವಲ್ಪ ಸರಿಸಿ ನನ್ನ ಮುಖವನ್ನೇ ನೋಡಿದರು. ಮಕ್ಕಳ ಸುಳ್ಳನ್ನು ಎಷ್ಟು ವರ್ಷ ಕೇಳಿದವರೋ ಏನೋ. "ನಿಮಗ ವಾಸನಿ ಬರಂಗಿಲ್ಲೇನ್ರಿ?" ಎಂದು ಕೇಳಿದರು.

ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಬರಂಗಿಲ್ರಿ" ಎಂದೆ. "ಕೊರೋನಾ ಆದಾಗಿಂದ ಏನೇನೂ ಬರಂಗಿಲ್ಲ. ನಾನ ನಾರಾಕತ್ತೀನೋ ಏನೋ ಅಂತ ಅಂಜಿ ಹಚ್ಕೊಂತೀನಿ." 

ಅವರು ಸೆರಗನ್ನು ಮತ್ತೆ ಮೂಗಿಗೆ ಹಿಡಿದು ಕೆಮ್ಮಿದರು. ನಾನೇ, ನರ್ಸಿನ ಚಟ, ಕೇಳಿದೆ: "ನಿಮಗ ಈ ದಮ್ಮು ಯಾವಾಗಿಂದ?"

"ಸಣ್ಣಾಕಿದ್ದಾಗಿಂದ. ನಮ್ಮನಿ ಹಿಂದ ಸುಣ್ಣದ ಹೊಂಡ ಇತ್ತು. ಅಪ್ಪ ತೊಗಲು ಹಾಕೋನು. ನಾನು ಅದರ ದಂಡ್ಯಾಗ ಆಡಿ ಬೆಳೆದಾಕಿ."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವರು ಬೈಬಲ್ಲನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟು, "ನಿಮ್ಮ ಜಾಗದಾಗ ಯಾರೂ ಕುಂತಿಲ್ಲ. ಸೆಂಟು ಬಿಟ್ಟು ಬರ್ರಿ" ಎಂದು ಆಟೋ ಹತ್ತಿದರು.

ಬಿಟ್ಟು ಬರ್ರಿ ಎನ್ನುವುದು ಸುಲಭ. ಬಾಟಲಿಗಳನ್ನು ಮೋರಿಗೆ ಸುರಿದೆ. ಪರದೆ, ದಿಂಬು, ಹಾಸಿಗೆ, ಟ್ರಂಕಿನ ಅಷ್ಟೂ ಸೀರೆಗಳನ್ನು ಸೋಡಾ ಹಾಕಿ ಒಗೆದು ರಾಯಚೂರಿನ ಬಿಸಿಲಿಗೆ ಹರವಿದೆ. ಆದರೆ ಹೋಯಿತೋ ಇಲ್ಲವೋ ನನಗೆ ಹೇಗೆ ತಿಳಿಯಬೇಕು? ಸೀರೆಯನ್ನು ಮೂಗಿಗೆ ಒತ್ತಿ ಹಿಡಿದರೂ ಬಟ್ಟೆಯ ಒರಟು ಬಿಟ್ಟು ಬೇರೇನೂ ಇಲ್ಲ. ಕೊನೆಗೆ ಒಂದು ಸೀರೆಯನ್ನು ಚೀಲದಲ್ಲಿ ಹಾಕಿಕೊಂಡು ಚಾಚಾನ ಅಂಗಡಿಗೆ ಹೋದೆ. ಬೈದು ಹೋದವಳು ಯಾವ ಮುಖದಿಂದ ಬಂದೆನೋ ನನಗೇ ತಿಳಿಯದು. "ನಿಮ್ಮ ಮಾಲ್ ಚೊಲೋನೇ ಇತ್ತು ಚಾಚಾ. ಕೆಟ್ಟಿದ್ದು ನನ್ನ ಮೂಗು" ಎಂದೆ.

"ಗೊತ್ತು ಸಿಸ್ಟರಮ್ಮಾ" ಎಂದರು. ಸೀರೆ ಬಿಡಿಸಿ ಮೂಸಿದರು. "ಇನ್ನೂ ಅದ. ಎರಡ್ ಸಲ ಒಗೀರಿ." ಒಗೆದು ಒಯ್ದೆ. "ಅಂಚಿನಾಗ ಸ್ವಲ್ಪ ಅದ." ಮತ್ತೆ ಒಗೆದೆ. ಅತ್ತರು ಮಾರುವ ಮುದುಕರು ಕೊನೆಗೆ ಒಂದು ದಿನ ಸೆರಗನ್ನು ಮುಖದ ತುಂಬ ಹಿಡಿದು, "ಈಗ ಸಾಫ್. ಬರೇ ಬಿಸಿಲು" ಎಂದರು.

"ಬ್ಯಾರೆ ಏನರ ಬರ್ತದೇನು?" ಎಂದು ಕೇಳಿದೆ.

"ಬ್ಯಾರೆ ಅಂದ್ರ?"

ಬಾನಿಯ ನಾತ ಎಂದು ಬಾಯಿಬಿಟ್ಟು ಹೇಳುವುದು ಹೇಗೆ? ಸೀರೆ ಮಡಚಿಕೊಂಡು ಬಂದೆ.

ಆ ಭಾನುವಾರ ಕಿವಿಯಲ್ಲಿ ಹತ್ತಿ ಇಲ್ಲದೆ ಮನೆಯಿಂದ ಹೊರಬಿದ್ದಾಗ ಮೈಮೇಲೆ ಬಟ್ಟೆಯೇ ಇಲ್ಲದವಳ ಹಾಗೆ ಅನ್ನಿಸಿತು. ಎರಡು ಸಲ ಬೀಗ ತೆಗೆದು ಒಳಗೆ ಹೋಗಿ ಬಂದೆ. ಗೇಟಿನ ಹತ್ತಿರ ಇಳಿದೆ. ಯಾರೂ ಹೊರಳಲಿಲ್ಲ, ಸಿಸ್ಟರ್ ಬಂದರು ಎಂದು ಯಾರೂ ನಗಲಿಲ್ಲ. ಅದೂ ನೋಯಿಸಿತು, ಸುಳ್ಳು ಯಾಕೆ ಹೇಳಲಿ. ಮೂರನೇ ಬೆಂಚಿನಲ್ಲಿ ಕೂತೆ. ತೋಳುಗಳನ್ನು ಮೈಗೆ ಒತ್ತಿಕೊಂಡು, ಸೆರಗು ಬಿಗಿದುಕೊಂಡು, ಆದಷ್ಟು ಸಣ್ಣವಳಾಗಿ ಕೂತೆ. ಮನಸ್ಸಿನಲ್ಲಿ ಬಾಗಿಲ ಹತ್ತಿರದ ಆ ಮೂರು ಮಕ್ಕಳೇ.

ಟೀಚರಮ್ಮ ಮೊದಲ ಹಾಡು ಮುಗಿಸಿದರು. ಕೆಮ್ಮು ಬರಲಿಲ್ಲ. ಪಾಸ್ಟರ ಪ್ರಸಂಗ ಶುರುವಾಗುವ ಮುಂಚೆ ಹಾರ್ಮೋನಿಯಂ ಬಿಟ್ಟು ಎದ್ದು, ಎಲ್ಲರ ಎದುರಿಗೇ ನಡೆದು ಬಂದು, ನನ್ನ ಪಕ್ಕದಲ್ಲಿ ಕೂತರು. ನನ್ನ ಹೆಗಲಿಗೆ ಮೂಗು ತಾಗಿಸಿ ಉದ್ದಕ್ಕೆ ಉಸಿರು ಎಳೆದುಕೊಂಡರು. ಅವ್ವ ಹೋದ ಮೇಲೆ ಯಾರೂ ನನ್ನ ಅಷ್ಟು ಹತ್ತಿರ ಬಂದಿರಲಿಲ್ಲ. ನಾನು ಕಲ್ಲಾಗಿ ಕೂತಿದ್ದೆ.

"ವಾಸನಿ ಬರಾಕತ್ತದ" ಎಂದು ಪಿಸುಗುಟ್ಟಿದರು.

ತೋಳುಗಳನ್ನು ಮೈಗೆ ಇನ್ನೂ ಬಿಗಿಯಾಗಿ ಒತ್ತಿಕೊಂಡೆ. "ಏನು?"

"ಬಳ್ಳೊಳ್ಳಿ ಒಗ್ಗರಣಿ. ಮುಂಜಾನಿ ಏನ್ ಮಾಡಿದ್ರಿ?"

"ಸುಸಲಾ" ಎಂದೆ. ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದ್ದೆ, ಎಂದಿನಂತೆ ಒಂದು ತಟ್ಟೆ.

"ಒಬ್ಬಾಕಿಗೇ ಇಷ್ಟ್ ಘಮ ಘಮ ಮಾಡ್ಕೊಂತೀರಿ? ಒಮ್ಮಿ ಕರೀಬಾರ್ದಾ?"

ಪ್ರಸಂಗದಲ್ಲಿ ಪಾಸ್ಟರು ಏನು ಹೇಳಿದರೋ ನನಗೆ ಒಂದಕ್ಷರ ಗೊತ್ತಿಲ್ಲ. ಕಣ್ಣು ಒರೆಸಿಕೊಳ್ಳುವುದೇ ಆಯಿತು. ಮುಗಿದ ಮೇಲೆ, "ಈಗ ಬರ್ತೀರೇನು ಮನಿಗಿ?" ಎಂದು ಕೇಳಿದೆ.

"ಒಳಗ ಬರಾಕ ಆಗ್ತದೇನು?"

"ನನಗೇನ್ ಗೊತ್ತಾಗಬೇಕ್ರಿ? ನೀವೇ ಬಂದು ಹೇಳಬೇಕು."

ಒಂದೇ ಆಟೋದಲ್ಲಿ ಬಂದೆವು. ನಾನು ಬೀಗ ತೆಗೆದು, ಬಾಗಿಲು ದೂಡಿ, ಪಕ್ಕಕ್ಕೆ ಸರಿದು ನಿಂತೆ. ಅವರು ಹೊಸ್ತಿಲ ಹೊರಗೆ ಸೆರಗು ಮೂಗಿಗೆ ಹಿಡಿದು ನಿಂತರು. ನಾನು ಅವರ ಎದೆಯ ಏರಿಳಿತವನ್ನೇ ನೋಡುತ್ತಿದ್ದೆ, ವಾರ್ಡಿನಲ್ಲಿ ರೋಗಿಯನ್ನು ನೋಡಿದ ಹಾಗೆ. ಅವರು ಮೆಲ್ಲಗೆ ಸೆರಗು ಇಳಿಸಿದರು. ಒಂದು ಉಸಿರು ಎಳೆದರು, ಇನ್ನೊಂದು ಎಳೆದರು.

"ಚಪ್ಪಲಿ ಎಲ್ಲಿ ಬಿಡ್ಲಿ?" ಎಂದು ಕೇಳಿದರು.

ಆ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಬಾಗಿ, ನನ್ನ ಚಪ್ಪಲಿಗಳನ್ನು ಒಂದು ಬದಿಗೆ ಸರಿಸಿ, ಅವರ ಚಪ್ಪಲಿಗೆ ಜಾಗ ಮಾಡಿದೆ.